ತಿದ್ದುವ ಯಂತ್ರಕ್ಕೆ ಯಾವುದನ್ನು ಬಿಟ್ಟುಕೊಡಬಾರದು

ನಮ್ಮ ಸೀಮೆಯ ಅಡಿಕೆ ಬೆಳೆಗಾರರ ಸಂಘವೊಂದು ಹೊರತರುವ ಪತ್ರಿಕೆಗೆ ಬರುವ ಲೇಖನಗಳನ್ನು ಓದಿ, ತಿದ್ದಿ, ಅಚ್ಚಿಗೆ ಸಿದ್ಧಪಡಿಸುವ ಕೆಲಸ ನನ್ನದು. ಬರೆಯುವವರಲ್ಲಿ ಹೆಚ್ಚಿನವರು ತೋಟದಲ್ಲಿ ದುಡಿಯುವವರೇ ಹೊರತು ಬರವಣಿಗೆಯನ್ನು ಕಸುಬಾಗಿ ಮಾಡಿಕೊಂಡವರಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಎಐ (ಕೃತಕ ಬುದ್ಧಿಮತ್ತೆ) ಸಾಧನ ಬಂದ ಮೇಲೆ, ಅದರಲ್ಲೂ ಇಂಥ ಸವಲತ್ತು ಎಲ್ಲರ ಮೊಬೈಲಿನೊಳಗೇ ಸಿಗತೊಡಗಿದ ಮೇಲೆ, ನನ್ನ ಕೈಗೆ ಬರುವ ಲೇಖನಗಳ ರೂಪವೇ ಬದಲಾಗಿದೆ. ಕರಡು ಬರೆದು, ಅದನ್ನು ಎಐಗೆ ಕೊಟ್ಟು, 'ಚೆನ್ನಾಗಿ ತಿದ್ದಿ ಕೊಡು' ಎಂದು ಕೇಳಿ, ಬಂದದ್ದನ್ನು ಹಾಗೆಯೇ ಕಳುಹಿಸುವವರು ದಿನೇ ದಿನೇ ಹೆಚ್ಚುತ್ತಿದ್ದಾರೆ. ನಾನು ಇದನ್ನು ವಿರೋಧಿಸುವವನಲ್ಲ, ಸ್ವತಃ ಬಳಸುವವನು. ಆದರೆ ಕನ್ನಡದಲ್ಲಿ ಬರೆಯುವವರು ಕರಡನ್ನು ಎಐಗೆ ಓದಿಸಬೇಕೇ ವಿನಾ ವಾಕ್ಯಗಳನ್ನು ಅದರ ಕೈಗೆ ಒಪ್ಪಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕೆನಿಸಿದೆ.

ಮೊದಲು ಉಪಕಾರದ ಮಾತು. ಪುತ್ತೂರಿನ 'ಅಡಿಕೆ ಪತ್ರಿಕೆ' 1988ರಿಂದ ಕೃಷಿಕರ ಕೈಯಿಂದಲೇ ಬರೆಸುತ್ತ ಬಂದಿರುವುದು ನಮ್ಮಂಥವರಿಗೆಲ್ಲ ಮಾದರಿ. ಆದರೂ ಬರೆಯಲು ಹಿಂಜರಿಯುವ ಬೆಳೆಗಾರರೇ ಎಂದಿಗೂ ಹೆಚ್ಚು. ಅವರಿಗೆ ವಿಷಯದ ಕೊರತೆಯಿಲ್ಲ. ಅಲ್ಪಪ್ರಾಣ ಮಹಾಪ್ರಾಣ ತಪ್ಪಿದರೆ ಜನ ಏನೆಂದಾರು, ಒತ್ತಕ್ಷರ ಎಲ್ಲಿ ಕೊಡಬೇಕು, ವಾಕ್ಯ ಎಲ್ಲಿ ಮುಗಿಸಬೇಕು ಎಂಬ ಅಳುಕು ಅವರನ್ನು ತಡೆಯುತ್ತಿತ್ತು. ಈಗ ಅವರು ಮೊಬೈಲಿನ ಮುಂದೆ ಮಾತಾಡುತ್ತಾರೆ, ಅದು ಅಕ್ಷರವಾಗುತ್ತದೆ, ಪೂರ್ಣವಿರಾಮವಿಲ್ಲದ ಆ ಉದ್ದನೆಯ ಮಾತನ್ನು ಎಐ ವಾಕ್ಯಗಳಾಗಿ ಬಿಡಿಸಿ, ಕಾಗುಣಿತ ಸರಿಮಾಡಿ ಕೊಡುತ್ತದೆ. ತೋಟ, ಕೊಟ್ಟಿಗೆ, ಅಡುಗೆಮನೆ ಎಲ್ಲವನ್ನೂ ನಿಭಾಯಿಸುತ್ತ ಬಿಡುವೇ ಇಲ್ಲದ ಹೆಂಗಸರು ಈ ದಾರಿಯಿಂದಲೇ ಮೊದಲ ಬಾರಿಗೆ ಪತ್ರಿಕೆಗೆ ಬರೆದಿದ್ದಾರೆ. ಇದು ಸಣ್ಣ ಸಂಗತಿಯಲ್ಲ, ಮತ್ತು ಇದನ್ನು ಹಗುರಾಗಿ ಕಾಣುವವರ ಜೊತೆ ನಾನು ಸೇರಲಾರೆ.

ತೊಂದರೆ ಶುರುವಾಗುವುದು ಕಾಗುಣಿತದ ಗಡಿ ದಾಟಿದ ಮೇಲೆ. ಕಳೆದ ಮಳೆಗಾಲಕ್ಕೆ ಮುನ್ನ ಬಂದ ಒಂದು ಲೇಖನದ ವಿಷಯವನ್ನೇ ತೆಗೆದುಕೊಳ್ಳುತ್ತೇನೆ. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೆ, ಮೈಲುತುತ್ತ ಮತ್ತು ಸುಣ್ಣ ಕಲಸಿ ಮಾಡುವ ಬೋರ್ಡೋ ಮದ್ದು ತಯಾರಿಸುವ ಬಗ್ಗೆ ಅನುಭವಿ ಬೆಳೆಗಾರರೊಬ್ಬರು ಬರೆದದ್ದು. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಮದ್ದನ್ನು ಬಳಕೆಗೆ ತಂದು ನೂರು ವರ್ಷ ದಾಟಿದೆ, ಆದರೂ ಪ್ರತಿ ವರ್ಷ ಇದನ್ನು ತಪ್ಪಾಗಿ ಕಲಸಿ ಬೆಳೆ ಕಳೆದುಕೊಳ್ಳುವವರಿದ್ದಾರೆ. ಆದ್ದರಿಂದ ಇಂಥ ಲೇಖನದಲ್ಲಿ ಒಂದೊಂದು ಮಾತೂ ಮುಖ್ಯ. ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿಯೂ ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿಯೂ ಬೇರೆ ಬೇರೆಯಾಗಿ ಕರಗಿಸಬೇಕು. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕದಡುತ್ತಿರಬೇಕು. ಸುಣ್ಣವನ್ನು ಮೈಲುತುತ್ತಕ್ಕೆ ಸುರಿದರೆ ಮದ್ದು ಒರಟಾಗಿ ಬೇಗ ತಳಕ್ಕಿಳಿಯುತ್ತದೆ, ಗೊನೆಗೆ ಸರಿಯಾಗಿ ಅಂಟುವುದಿಲ್ಲ. ಕೊನೆಗೆ ಉಜ್ಜಿ ಹೊಳಪು ಮಾಡಿದ ಕತ್ತಿಯನ್ನು ಮದ್ದಿನಲ್ಲಿ ಅದ್ದಿ ನೋಡಬೇಕು, ಅದರ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕೆಂದು ಅರ್ಥ. ಮೂಲ ಬರಹದಲ್ಲಿ ಇದೆಲ್ಲ ಇತ್ತು. ಆದರೆ ನನಗೆ ಬಂದ 'ತಿದ್ದಿದ' ಪ್ರತಿಯಲ್ಲಿ ಇದ್ದದ್ದು ಇಷ್ಟೇ: 'ಎರಡೂ ದ್ರಾವಣಗಳನ್ನು ಸೂಕ್ತ ಪ್ರಮಾಣದಲ್ಲಿ ಚೆನ್ನಾಗಿ ಮಿಶ್ರಣ ಮಾಡಿ, ಬಳಕೆಗೆ ಮುನ್ನ ಗುಣಮಟ್ಟವನ್ನು ಪರೀಕ್ಷಿಸಿಕೊಳ್ಳುವುದು ಅತ್ಯಗತ್ಯ.'

ವಾಕ್ಯದಲ್ಲಿ ವ್ಯಾಕರಣದ ದೋಷವಿಲ್ಲ. ಅದರಲ್ಲಿ ಹೇಳಿದ ಯಾವುದೂ ಸುಳ್ಳೂ ಅಲ್ಲ. ಆದರೆ ಯಾವುದನ್ನು ಯಾವುದಕ್ಕೆ ಸುರಿಯಬೇಕು ಎಂಬುದು ಹೋಗಿದೆ, ಕತ್ತಿ ಹೋಗಿದೆ. ನಾನು ಫೋನ್ ಮಾಡಿ ಓದಿ ಹೇಳಿದಾಗ ಬರೆದವರು, "ಅಯ್ಯೋ ಮಾರಾಯ್ರೆ, ಅದನ್ನು ಹೇಳಲಿಕ್ಕೇ ಅಲ್ಲವೋ ನಾನು ಬರೆದದ್ದು!" ಎಂದರು. ಕಳುಹಿಸುವ ಮುನ್ನ ಅವರು ಅದನ್ನು ಓದಿದ್ದರು. ಭಾಷೆ ಅಚ್ಚುಕಟ್ಟಾಗಿ ಕಂಡದ್ದರಿಂದ ಒಳಗಿನ ವಿಷಯ ಬಿಟ್ಟುಹೋದದ್ದು ಕಣ್ಣಿಗೆ ಬೀಳಲಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ತಪ್ಪು ಕಾಗುಣಿತ ತಾನಾಗಿ ಎದ್ದು ಕಾಣುತ್ತದೆ, ನುಣುಪಾದ ವಾಕ್ಯದಲ್ಲಿ ಕಳೆದುಹೋದದ್ದು ಕಾಣುವುದಿಲ್ಲ.

ಅದೇ ಲೇಖನದಲ್ಲಿ 'ಕೊನೆ ಕೊಯ್ಲು' ಎಂಬುದು 'ಅಂತಿಮ ಕೊಯ್ಲು' ಆಗಿತ್ತು. ಮಲೆನಾಡಿನಲ್ಲಿ ಅಡಿಕೆಯ ಗೊನೆಯನ್ನು ಕೊನೆ ಎನ್ನುತ್ತೇವೆಂದು ಯಂತ್ರಕ್ಕೆ ಹೇಳಿದವರಾರೂ ಇರಲಿಲ್ಲ.

ವಾಕ್ಯದ ನಡಿಗೆಗೆ ಆಗುವ ಪೆಟ್ಟು ಇದಕ್ಕಿಂತ ಸೂಕ್ಷ್ಮವಾದದ್ದು. ಇನ್ನೊಬ್ಬರ ಕರಡಿನ ಸಾಲು ಹೀಗಿತ್ತು: 'ಬೆಳಿಗ್ಗೆ ತೋಟಕ್ಕೆ ಇಳಿದು, ಉದುರಿದ ಕಾಯಿಗಳನ್ನು ಹೆಕ್ಕಿ, ತೊಟ್ಟಿನ ಹತ್ತಿರ ನೀರಿನ ಕಲೆಯಿದೆಯೇ ಎಂದು ನೋಡಿ, ಇದ್ದರೆ ಆ ಮರಕ್ಕೆ ಗುರುತು ಹಾಕಿಟ್ಟುಕೊಳ್ಳುತ್ತೇನೆ.' ತಿದ್ದಿದ ರೂಪ ಹೀಗೆ ಬಂತು: 'ಪ್ರತಿದಿನ ಬೆಳಿಗ್ಗೆ ತೋಟಕ್ಕೆ ಭೇಟಿ ನೀಡುವುದು ಅತ್ಯಂತ ಮುಖ್ಯವಾಗಿದೆ. ಬಿದ್ದಿರುವ ಕಾಯಿಗಳ ಪರಿಶೀಲನೆಯನ್ನು ನಡೆಸಬೇಕು. ರೋಗಲಕ್ಷಣಗಳು ಕಂಡುಬಂದಲ್ಲಿ ಸಂಬಂಧಿತ ಮರಗಳನ್ನು ಗುರುತಿಸುವುದು ಸೂಕ್ತ.' ಇಳಿದು, ಹೆಕ್ಕಿ, ನೋಡಿ ಎಂದು ಕ್ರಿಯೆಗಳನ್ನು ಒಂದರ ಹಿಂದೊಂದು ಪೋಣಿಸಿಕೊಂಡು ಹೋಗಿ ಕೊನೆಯ ಕ್ರಿಯಾಪದದಲ್ಲಿ ನಿಲ್ಲುವುದು ಕನ್ನಡದ ಸಹಜ ಶಕ್ತಿ. ಒಬ್ಬ ಮನುಷ್ಯ ಕೆಲಸ ಮಾಡುತ್ತಿರುವ ಕ್ರಮವೇ ಅಲ್ಲಿ ವಾಕ್ಯವಾಗಿರುತ್ತದೆ. ಯಂತ್ರ ಅದನ್ನು ಮೂರು ತುಂಡು ಮಾಡಿತು, 'ನೋಡಿ' ಎಂಬ ಕ್ರಿಯೆಯನ್ನು 'ಪರಿಶೀಲನೆ' ಎಂಬ ನಾಮಪದವಾಗಿಸಿತು, 'ನಾನು' ಎನ್ನುವವನನ್ನು ಹೊರಗೆ ಹಾಕಿ ಉಪದೇಶವನ್ನು ಒಳಗೆ ತಂದಿತು. ಬೆಳೆಗಾರ ತನ್ನ ತೋಟಕ್ಕೆ ಇಳಿಯುತ್ತಾನೆ, ಭೇಟಿ ನೀಡುವವರು ಅಧಿಕಾರಿಗಳು. ನೀರಿನ ಕಲೆ ಎಂಬ ಕಣ್ಣಿಗೆ ಕಾಣುವ ಗುರುತು 'ರೋಗಲಕ್ಷಣಗಳು' ಎಂಬ ಮಾತಿನಲ್ಲಿ ಮುಚ್ಚಿಹೋಯಿತು. ಹೊಸದಾಗಿ ತೋಟ ಮಾಡಿದ ಹುಡುಗನೊಬ್ಬ ಇದನ್ನು ಓದಿದರೆ ನಾಳೆ ಬೆಳಿಗ್ಗೆ ಕಾಯಿಯ ಯಾವ ಭಾಗವನ್ನು ನೋಡಬೇಕೆಂದು ಅವನಿಗೆ ತಿಳಿಯುವುದಿಲ್ಲ.

ಹೀಗೇಕೆ ಆಗುತ್ತದೆ ಎಂಬುದನ್ನು ತಿಳಿದುಕೊಂಡರೆ ಯಂತ್ರದ ಮೇಲೆ ಸಿಟ್ಟೂ ಬರುವುದಿಲ್ಲ, ಅತಿಯಾದ ನಂಬಿಕೆಯೂ ಉಳಿಯುವುದಿಲ್ಲ. ಇಂಥ ಎಐ ಸಾಧನಗಳ ಒಳಗಿರುವ ಭಾಷಾ ಮಾದರಿಗಳು ಅಪಾರ ಪಠ್ಯವನ್ನು ಓದಿ, ಒಂದು ತುಣುಕಿನ ನಂತರ ಯಾವ ತುಣುಕು ಬರುವ ಸಂಭವ ಹೆಚ್ಚು ಎಂಬುದನ್ನು ಕಲಿಯುತ್ತವೆ. ಅವು ಓದಿದ್ದರಲ್ಲಿ ಇಂಗ್ಲಿಷಿನ ಪಾಲು ಬಹಳ ದೊಡ್ಡದು, ಕನ್ನಡದ ಪಾಲು ತೀರ ಸಣ್ಣದು. ಆ ಸಣ್ಣ ಪಾಲಿನಲ್ಲಿಯೂ ಸುದ್ದಿ, ಪ್ರಕಟಣೆ, ಅನುವಾದಗಳೇ ಸುಲಭವಾಗಿ ಸಿಗುವಂಥವು. ಐಐಟಿ ಮದ್ರಾಸಿನ ಎಐ4ಭಾರತ್ ತಂಡ ಭಾರತೀಯ ಭಾಷೆಗಳಿಗಾಗಿ ಶ್ರಮಪಟ್ಟು ಕಟ್ಟಿದ 'ಸಂಗ್ರಹ' ಎಂಬ ಪಠ್ಯಕೋಶದಲ್ಲಿಯೂ ಒಂದು ಭಾಗ ಇಂಗ್ಲಿಷ್ ವಿಕಿಪೀಡಿಯದಂಥ ಮೂಲಗಳಿಂದ ಯಂತ್ರದ ಮೂಲಕ ಅನುವಾದಿಸಿದ್ದು. ಪಠ್ಯವೇ ಸಾಲದಿರುವಾಗ ಅವರು ಹಾಗೆ ಮಾಡಿದ್ದು ಅರ್ಥವಾಗುವಂಥದ್ದೇ. ಆದರೆ ಅಂಥ ಕನ್ನಡವನ್ನು ಓದಿ ಬೆಳೆದ ಮಾದರಿಗೆ 'ಒಳ್ಳೆಯ ಕನ್ನಡ' ಎಂದರೆ ಏನಾಗಿ ತೋರುತ್ತದೆಂಬುದನ್ನು ಊಹಿಸುವುದು ಕಷ್ಟವಲ್ಲ.

ಇದರ ಜೊತೆಗೆ ಲಿಪಿಯ ಲೆಕ್ಕವೂ ಇದೆ. 'ಅಡಿಕೆ' ಎಂಬ ಮೂರಕ್ಷರದ ಪದ, ಕಂಪ್ಯೂಟರು ಅಕ್ಷರಗಳನ್ನು ಸಂಕೇತಗಳಾಗಿ ಇಟ್ಟುಕೊಳ್ಳುವ ಯೂನಿಕೋಡ್ ಪದ್ಧತಿಯಲ್ಲಿ ಸ್ವರಚಿಹ್ನೆಗಳೂ ಸೇರಿ ಐದು ಸಂಕೇತಗಳಾಗಿ, ಒಂದೊಂದಕ್ಕೆ ಮೂರರಂತೆ 15 ಬೈಟುಗಳಾಗಿ ಕೂರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟು ಸಾಕು. ಮಾದರಿಗಳು ಪದವನ್ನು ಟೋಕನ್ ಎಂಬ ತುಣುಕುಗಳಾಗಿ ಒಡೆದು ಓದುವಾಗ ಕನ್ನಡದ ಪದ ಹೆಚ್ಚು ಚೂರುಗಳಾಗುತ್ತದೆ. ಬೆಂಗಳೂರಿನ ಸರ್ವಂ ಸಂಸ್ಥೆ 2024ರ ಅಕ್ಟೋಬರಿನಲ್ಲಿ ಕನ್ನಡವೂ ಸೇರಿ ಹತ್ತು ಭಾರತೀಯ ಭಾಷೆಗಳಿಗೆಂದು ತನ್ನ ಸರ್ವಂ-1 ಮಾದರಿಯನ್ನು ಹೊರತಂದಾಗ, ಅದುವರೆಗಿನ ಬಹುಭಾಷಾ ಮಾದರಿಗಳು ನಮ್ಮ ಭಾಷೆಗಳ ಒಂದು ಪದಕ್ಕೆ 4ರಿಂದ 8 ಟೋಕನ್ ಬಳಸುತ್ತಿದ್ದವೆಂದೂ ತಮ್ಮದು ಅದನ್ನು ಸುಮಾರು ಎರಡಕ್ಕೆ ಇಳಿಸಿದೆಯೆಂದೂ ಹೇಳಿತ್ತು. ಇಂಥ ಪ್ರಯತ್ನಗಳು ಇನ್ನೂ ಹೆಚ್ಚಲಿ. ಆದರೆ ಟೋಕನ್ ಕಡಿಮೆಯಾದ ಮಾತ್ರಕ್ಕೆ ತೋಟದ ಮಾತು ಯಂತ್ರಕ್ಕೆ ಬರುವುದಿಲ್ಲ, ಏಕೆಂದರೆ ಆ ಮಾತು ಬರಹಕ್ಕೆ ಇಳಿದದ್ದೇ ಕಡಿಮೆ. ಈಗ ಬರೆಯಲು ಹೊರಟವರ ಬರಹವೂ ಯಂತ್ರದ ಕೈಯಲ್ಲಿ ಒಂದೇ ಬಣ್ಣಕ್ಕೆ ತಿರುಗಿ ಅಚ್ಚಾದರೆ, ಮುಂದಿನ ಮಾದರಿಗಳು ಓದುವುದೂ ಅದನ್ನೇ.

ಹಾಗಾದರೆ ಬಳಸುವುದು ಹೇಗೆ? ನನ್ನ ರೂಢಿ ಸರಳವಾದದ್ದು. 'ಉತ್ತಮಪಡಿಸು' ಎಂದು ನಾನು ಕೇಳುವುದಿಲ್ಲ. 'ಒಂದು ಪದವನ್ನೂ ಬದಲಿಸಬೇಡ, ಕಾಗುಣಿತದ ತಪ್ಪುಗಳನ್ನು ಮಾತ್ರ ಪಟ್ಟಿಮಾಡು' ಎನ್ನುತ್ತೇನೆ, ಆ ಪಟ್ಟಿಯನ್ನು ನೋಡಿ ನನ್ನ ಕೈಯಿಂದಲೇ ತಿದ್ದುತ್ತೇನೆ. ಅಂಕಿ, ಅಳತೆ, ತಿಂಗಳು, ಊರಿನ ಹೆಸರುಗಳನ್ನು ಮೂಲದೊಂದಿಗೆ ಇಟ್ಟು ನೋಡದೆ ಮುಂದೆ ಹೋಗುವುದಿಲ್ಲ. ಎಐಯಿಂದ ಆಗುವ ಅತಿ ದೊಡ್ಡ ಪ್ರಯೋಜನ ಮಾತ್ರ ಬೇರೆಯದೇ: ಅದು ಒಳ್ಳೆಯ ಪ್ರಶ್ನೆ ಕೇಳಬಲ್ಲದು. 'ಇದುವರೆಗೆ ಒಮ್ಮೆಯೂ ಮದ್ದು ಹೊಡೆಯದವನು ಈ ಲೇಖನ ಓದಿದರೆ ಅವನಿಗೆ ಯಾವ ಸಂಶಯಗಳು ಉಳಿಯುತ್ತವೆ?' ಎಂದು ಕೇಳಿ ನೋಡಿ. ಬೋರ್ಡೋ ಲೇಖನದ ಮೂಲ ಕರಡಿಗೆ ನಾನು ಹೀಗೆ ಕೇಳಿದಾಗ ಬಂದ ಪ್ರಶ್ನೆಗಳಲ್ಲಿ ಒಂದು, ಹೊಡೆದ ಕೂಡಲೇ ಮಳೆ ಬಂದರೆ ಏನು ಮಾಡಬೇಕು ಎಂಬುದು. ನಮಗೆಲ್ಲ ಗೊತ್ತಿರುವ ಸಂಗತಿಯಾದ್ದರಿಂದ ಬರೆದವರಿಗೂ ನನಗೂ ಅದು ಹೊಳೆದಿರಲಿಲ್ಲ. ಆ ಬೆಳೆಗಾರರಿಗೆ ಪ್ರಶ್ನೆಯನ್ನು ದಾಟಿಸಿದೆ. ಅವರು, 'ಮದ್ದು ಒಣಗಿ ಕಾಯಿಯ ಮೇಲೆ ನೀಲಿ ಪದರ ಕೂತ ಮೇಲೆ ಬಂದ ಮಳೆಗೆ ಅಷ್ಟು ಹೆದರಬೇಕಿಲ್ಲ, ಹಸಿಯಿರುವಾಗಲೇ ಹೊಯ್ದರೆ ತೊಳೆದುಹೋಯಿತೆಂದೇ ಲೆಕ್ಕ, ಮತ್ತೆ ಹೊಳವಾಗುವುದನ್ನು (ಮಳೆ ಬಿಡುವುದನ್ನು) ಕಾಯಬೇಕು' ಎಂದು ಬರೆದುಕೊಟ್ಟರು. ಇಡೀ ಲೇಖನದಲ್ಲಿ ಓದುಗರು ಹೆಚ್ಚು ನೆನಪಿಟ್ಟುಕೊಂಡದ್ದು ಆ ಸಾಲನ್ನೇ. ಪ್ರಶ್ನೆ ಯಂತ್ರದ್ದು, ಉತ್ತರ ಅನುಭವಿಯದು. ಈ ಕೆಲಸದ ಹಂಚಿಕೆ ನನಗೆ ಪೂರ್ಣ ಒಪ್ಪಿಗೆ.

ಎಐ ಬಳಸಿದವರನ್ನು ಹಿಡಿದು ಹೊರಹಾಕಬೇಕೆಂದು ಹೇಳುವ ಸಂಪಾದಕ ಮಿತ್ರರಿದ್ದಾರೆ. ಅವರೊಂದಿಗೆ ನನ್ನ ಸಹಮತವಿಲ್ಲ. ಯಂತ್ರದ ಬರಹವನ್ನು ಪತ್ತೆಹಚ್ಚುವುದಾಗಿ ಹೇಳುವ ಸಾಧನಗಳನ್ನು ನಂಬುವಂತಿಲ್ಲ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ತಾನೇ ಮಾಡಿದ ಅಂಥ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ನಡೆಸಿದ ಅಧ್ಯಯನದಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಸ್ವಂತವಾಗಿ ಬರೆದ ಪ್ರಬಂಧಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಇಂಥ ಸಾಧನಗಳು ಯಂತ್ರದ್ದೆಂದು ತಪ್ಪಾಗಿ ಗುರುತಿಸಿದ್ದು ಕಂಡುಬಂತು. ಅಂಕೆಯಿಲ್ಲದ ಈ ಅನುಮಾನವನ್ನು ನಮ್ಮ ಬೆಳೆಗಾರರ ಮೇಲೆ ಹೊರಿಸುವುದು ಅನ್ಯಾಯ. 'ನೇಚರ್' ಎಂಬ ವಿಜ್ಞಾನ ಪತ್ರಿಕೆ 2023ರ ಆರಂಭದಲ್ಲಿಯೇ, ಬರಹದ ಹೊಣೆ ಹೊರಲಾರದ ಯಂತ್ರವನ್ನು ಲೇಖಕನೆಂದು ಒಪ್ಪುವುದಿಲ್ಲ, ಬಳಸಿದ್ದರೆ ಹೇಳಬೇಕು ಎಂಬ ನಿಲುವು ತಳೆಯಿತು. ನಮ್ಮ ಸಣ್ಣ ಪತ್ರಿಕೆಗೂ ಅದೇ ನಿಲುವು ಸಾಕು. ಲೇಖನದ ಮೇಲೆ ಹೆಸರಿರುವುದು ಬೆಳೆಗಾರರದು, ಅದನ್ನು ನಂಬಿ ಮದ್ದು ಕಲಸುವವನು ಪ್ರಶ್ನೆ ಕೇಳುವುದೂ ಅವರನ್ನೇ.

ಆದ್ದರಿಂದ ಮುಂದಿನ ಸಂಚಿಕೆಗೆ ಬರೆಯುವವರಲ್ಲಿ ನನ್ನ ಕೋರಿಕೆಯೊಂದಿದೆ. ಎಐ ಬಳಸಿದ್ದರೆ ಮುಚ್ಚಿಡಬೇಡಿ, ನಾಚಿಕೊಳ್ಳಬೇಡಿ. ಆದರೆ ತಿದ್ದಿಸಿದ ಪ್ರತಿಯ ಜೊತೆಗೆ ನೀವು ಮೊದಲು ಮಾತಾಡಿದ ಅಥವಾ ಬರೆದ ಕರಡನ್ನೂ, ಅದು ಎಷ್ಟೇ ತಪ್ಪುಗಳಿಂದ ಕೂಡಿರಲಿ, ನಮ್ಮ ಪತ್ರಿಕೆಯ ವಾಟ್ಸಾಪ್‌ಗೆ ಕಳುಹಿಸಿ. ಧ್ವನಿಮುದ್ರಣವಿದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಕೆಲಸ ನನ್ನದು, ಸಂಶಯ ಬಂದಲ್ಲಿ ರಾತ್ರಿ ಎಂಟರ ನಂತರ ಫೋನ್ ಮಾಡುತ್ತೇನೆ.