ಕೈಮುಗಿದ ಎಮೋಜಿ

ಹೋದ ವರ್ಷ ನಮ್ಮ ಚರ್ಚ್ ಸಭೆಯ ಹಿರಿಯ ಅಕ್ಕ ಒಬ್ಬರು ಮೊಣಕಾಲಿನ ಆಪರೇಷನ್‌ಗೆ ಮುಂಚೆ ನನಗೆ ಮೆಸೇಜ್ ಮಾಡಿದ್ದರು. ‘ಖಂಡಿತ ಪ್ರಾರ್ಥನೆ ಮಾಡ್ತೀನಿ ಅಕ್ಕಾ’ ಎಂದು ಬರೆದೆ. ಪಕ್ಕದಲ್ಲಿ ಕೈಮುಗಿದ ಎಮೋಜಿ ಹಾಕಿದೆ. ಎರಡು ತಿಂಗಳಾದ ಮೇಲೆ ಒಂದು ಭಾನುವಾರ, ಆರಾಧನೆ ಮುಗಿದಾಗ, ಅವರು ಕೋಲೂರಿಕೊಂಡು ಬಂದು ನನ್ನ ಕೈ ಹಿಡಿದರು. ‘ನಿಮ್ಮೆಲ್ಲರ ಪ್ರಾರ್ಥನೆಯಿಂದಲೇ ನಡೀತಿದೀನಿ ನೋಡಪ್ಪಾ’ ಎಂದರು.

ನಾನು ಒಂದೇ ಒಂದು ಸಲವೂ ಪ್ರಾರ್ಥಿಸಿರಲಿಲ್ಲ. ‘ದೇವರಿಗೆ ಸ್ತೋತ್ರ ಅಕ್ಕಾ’ ಎಂದು ಹೇಳಿ ನಕ್ಕೆ.

ಮನೆಗೆ ಬಂದಮೇಲೆ ಮನಸ್ಸಿಗೆ ಮೊದಲು ಬಂದ ಸಮಾಧಾನ ‘ಟೈಮೇ ಇರಲಿಲ್ಲ’ ಎಂಬುದು. ಸುಳ್ಳು. ಆ ಎರಡು ತಿಂಗಳು ರಾತ್ರಿ ಹಾಸಿಗೆಯಲ್ಲಿ ಮಲಗಿ ಎಷ್ಟು ಹೊತ್ತು ಫೋನ್ ಉಜ್ಜಿದ್ದೆ ಎಂಬ ಲೆಕ್ಕ ಆ ಫೋನಿನಲ್ಲೇ ಇತ್ತು.

ಇದಕ್ಕಿಂತ ಜಾಣ ನೆಪವೊಂದು ನನ್ನ ಹತ್ತಿರ ಬಹಳ ವರ್ಷಗಳಿಂದ ಇತ್ತು. ‘ನಾನು ದಿನವಿಡೀ ಮನಸ್ಸಿನಲ್ಲೇ ದೇವರ ಜೊತೆ ಮಾತಾಡ್ತಾ ಇರ್ತೀನಿ, ಅದಕ್ಕೆ ಬೇರೆ ಹೊತ್ತು ಯಾಕೆ ಬೇಕು?’ ಎಡೆಬಿಡದೆ ಪ್ರಾರ್ಥನೆ ಮಾಡಿರಿ ಎಂದು ಯೇಸುವಿನ ಅಪೊಸ್ತಲ ಪೌಲನೇ ಥೆಸಲೊನೀಕ ಊರಿನ ಸಭೆಯವರಿಗೆ ಬರೆದಿದ್ದಾನಲ್ಲ, ಇನ್ನೇನು! ಆದರೆ ನನ್ನ ಆ ‘ದಿನವಿಡೀ ಮಾತು’ ಏನು ಎಂದು ಒಂದು ದಿನ ಗಮನಿಸಿದೆ. ಗಾಡಿ ಸ್ಟಾರ್ಟ್ ಆಗದಿದ್ದಾಗ ‘ಕರ್ತನೇ’. ಫೋನ್ ಕೈಜಾರಿದಾಗ ‘ಅಯ್ಯೋ ಯೇಸಪ್ಪಾ’. ಅಷ್ಟೇ. ಹೊತ್ತು ಗೊತ್ತು ಇಲ್ಲದ ಪ್ರಾರ್ಥನೆ ನನ್ನಂಥವನ ಕೈಯಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟು ತೆಳ್ಳಗಾಗಿತ್ತು.

ಸತ್ಯವೇದದಲ್ಲಿ, ಅಂದರೆ ಬೈಬಲ್‌ನಲ್ಲಿ, ನೋಡಿದರೆ ಗಟ್ಟಿ ಜನರೆಲ್ಲ ಹೊತ್ತು ಇಟ್ಟುಕೊಂಡವರೇ. ದಾನಿಯೇಲನಿಗೆ ದಿನಕ್ಕೆ ಮೂರು ಸಲ. ಪ್ರಾರ್ಥಿಸಿದರೆ ಸಿಂಹಗಳ ಗವಿಗೆ ಎಸೆಯುತ್ತಾರೆ ಎಂದು ಗೊತ್ತಿದ್ದೂ ಅವನು ಒಂದು ಸಲ ಕಡಿಮೆ ಮಾಡಲಿಲ್ಲ. ಯೇಸುವಿನ ಶಿಷ್ಯರಾದ ಪೇತ್ರ ಯೋಹಾನರು ಮಧ್ಯಾಹ್ನ ಮೂರು ಗಂಟೆಯ ಪ್ರಾರ್ಥನೆಗೆ ದೇವಾಲಯಕ್ಕೆ ಹೋಗುತ್ತಿದ್ದರು.

ಆದರೆ ನನ್ನನ್ನು ನಿಜಕ್ಕೂ ಅಲ್ಲಾಡಿಸಿದ್ದು ಯೇಸುವಿನ ಕಥೆ ಹೇಳುವ ಮಾರ್ಕನ ಸುವಾರ್ತೆಯ ಮೊದಲನೇ ಅಧ್ಯಾಯ. ಕಪೆರ್ನೌಮ್ ಎಂಬ ಊರಿನಲ್ಲಿ ಹೊತ್ತು ಮುಳುಗಿದ ಮೇಲೆ ಊರೆಲ್ಲಾ ಯೇಸು ಇದ್ದ ಮನೆಯ ಬಾಗಿಲ ಮುಂದೆ ಸೇರಿದೆ. ರೋಗಿಗಳು, ದೆವ್ವ ಹಿಡಿದವರು, ಅವರನ್ನು ಹೊತ್ತು ತಂದವರು. ಮಾರನೇ ದಿನ ಇನ್ನೂ ಕತ್ತಲಿರುವಾಗಲೇ ಯೇಸು ಎದ್ದು ಒಬ್ಬನೇ ಊರಾಚೆ ಹೋಗಿ ಪ್ರಾರ್ಥಿಸುತ್ತಾನೆ. ಸೀಮೋನ ಮತ್ತು ಜೊತೆಯವರು ಹುಡುಕಿಕೊಂಡು ಬಂದು, ಎಲ್ಲರೂ ನಿನ್ನನ್ನು ಹುಡುಕ್ತಿದ್ದಾರೆ ಎನ್ನುತ್ತಾರೆ. ಅಂದರೆ ಕೆಲಸ ಮುಗಿದಿರಲಿಲ್ಲ. ಕಾಯುವವರು ಇನ್ನೂ ಇದ್ದರು. ಅವರನ್ನು ಕಾಯಲು ಬಿಟ್ಟೇ ಆತ ಎದ್ದು ಹೋಗಿದ್ದ. ಅಲ್ಲಿಂದ ವಾಪಸ್ಸೂ ಬರಲಿಲ್ಲ, ಪಕ್ಕದ ಊರುಗಳಿಗೆ ಹೋಗೋಣ ಎಂದ. ನಾವೋ, ಕೆಲಸವೆಲ್ಲ ಮುಗಿಯಲಿ, ಆಮೇಲೆ ಕೂರೋಣ ಎನ್ನುತ್ತೇವೆ. ಕೆಲಸ ಯಾವತ್ತು ಮುಗಿದಿದೆ?

ಈ ‘ಆಮೇಲೆ’ ಹೊಸ ರೋಗವೇನಲ್ಲ. 1535ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್‌ ತನ್ನ ಕ್ಷೌರಿಕ ಪೀಟರ್‌ಗಾಗಿ ಪ್ರಾರ್ಥನೆ ಹೇಗೆ ಮಾಡಬೇಕು ಎಂದು ಬರೆದುಕೊಟ್ಟ. ‘ಸ್ವಲ್ಪ ತಡಿ, ಇದೊಂದು ಕೆಲಸ ಮುಗಿಸಿ ಒಂದು ಗಂಟೆ ಬಿಟ್ಟು ಪ್ರಾರ್ಥಿಸ್ತೀನಿ’ ಎಂಬ ಯೋಚನೆಯ ಬಗ್ಗೆ ಅದರಲ್ಲಿ ಎಚ್ಚರಿಸಿದ್ದಾನೆ. ಕ್ಷೌರಿಕನಿಗೆ ಅವನ ಕಸುಬಿನದೇ ಉದಾಹರಣೆ ಬೇರೆ: ಕತ್ತಿ ಹಿಡಿದವನು ಮಾತಿನಲ್ಲಿ ಮೈಮರೆತರೆ ಗಿರಾಕಿಯ ಮೂಗೋ ಗಂಟಲೋ ಹೋದೀತು, ಪ್ರಾರ್ಥನೆಯಲ್ಲೂ ಗಮನ ಹಾಗೇ ಇರಬೇಕು ಎಂದು.

ಇಲ್ಲಿ ನನ್ನದೊಂದು ತಕರಾರು ಇದೆ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡು ಗಂಟೆ ಮೊಣಕಾಲೂರುವವರ ಸಾಕ್ಷಿ ಕೇಳುವುದು ಒಳ್ಳೆಯದೇ. ಆದರೆ ಅದನ್ನೇ ಅಳತೆಗೋಲು ಮಾಡಿದಾಗ ರಾತ್ರಿಯೆಲ್ಲಾ ಮಗು ಎತ್ತಿಕೊಂಡು ಕೂತ ತಾಯಿ, ನೈಟ್ ಶಿಫ್ಟ್ ಮುಗಿಸಿ ಬಂದ ಹುಡುಗ ತಲೆ ತಗ್ಗಿಸಿ ಕೂರುತ್ತಾರೆ. ಅಷ್ಟು ಆಗಲ್ಲ ಎಂದು ಏನೂ ಮಾಡದೆ ಬಿಡುತ್ತಾರೆ. ಯೇಸು ಕಲಿಸಿದ ಪ್ರಾರ್ಥನೆಯನ್ನು ನಿಧಾನವಾಗಿ ಹೇಳಿದರೂ ಒಂದು ನಿಮಿಷ ಸಾಕು. ಜಾಸ್ತಿ ಮಾತಾಡಿದರೆ ದೇವರು ಕೇಳುತ್ತಾನೆ ಅಂದುಕೊಳ್ಳಬೇಡಿ ಎಂದವನೂ ಆತನೇ. 6ನೇ ಶತಮಾನದ ಸಂತ ಬೆನೆಡಿಕ್ಟ್ ಸನ್ಯಾಸಿಗಳಿಗೆ ಬರೆದ ನಿಯಮದಲ್ಲೂ ಪ್ರಾರ್ಥನೆ ಚಿಕ್ಕದಾಗಿ, ಶುದ್ಧವಾಗಿ ಇರಲಿ ಎಂದಿದೆ. ಸನ್ಯಾಸಿಗಳಿಗೇ ಹಾಗೆ!

ನನ್ನದು ಹತ್ತು ನಿಮಿಷ. ಬೆಳಿಗ್ಗೆ, ಫೋನ್ ಮುಟ್ಟುವ ಮೊದಲು, ಒಂದೇ ಕುರ್ಚಿಯಲ್ಲಿ. ಶುರುವಿನಲ್ಲಿ ಎರಡು ನಿಮಿಷಕ್ಕೇ ಮಾತು ಖಾಲಿಯಾಗುತ್ತಿತ್ತು. ಮನಸ್ಸು ಕಟ್ಟಬೇಕಾದ ಬಿಲ್ಲಿನ ಕಡೆ ಓಡುತ್ತಿತ್ತು. ಅದನ್ನು ಎಳೆದು ತಂದು ಸಾಕಾಗಿ, ಕೊನೆಗೆ ಬಿಲ್ಲಿನ ಬಗ್ಗೆಯೇ ಪ್ರಾರ್ಥಿಸಿದೆ. ಇದು ಸರಿಯೋ ತಪ್ಪೋ ಪಾಸ್ಟರ್‌ಗಳು ಹೇಳಲಿ, ನನಗಂತೂ ಕೆಲಸ ಮಾಡಿತು. ಏನೂ ಹೇಳಲು ತೋಚದ ದಿನ ಸತ್ಯವೇದದ ಕೀರ್ತನೆಗಳ ಪುಸ್ತಕದಿಂದ ಒಂದು ಕೀರ್ತನೆ ಜೋರಾಗಿ ಓದುತ್ತೇನೆ. 88ನೆಯದನ್ನು ಓದಿ ನೋಡಿ. ಬೇರೆ ಗೋಳಿನ ಕೀರ್ತನೆಗಳ ಹಾಗೆ ಕೊನೆಗೆ ಸ್ತೋತ್ರಕ್ಕೆ ತಿರುಗುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಅದೂ ಪ್ರಾರ್ಥನೆಯೇ ಎಂದು ಸತ್ಯವೇದ ಒಪ್ಪಿಕೊಂಡಿದೆ ಅಲ್ವಾ? ಹಾಗಾದರೆ ನನ್ನ ಒಣ ಬೆಳಗುಗಳಿಗೂ ಜಾಗ ಇದೆ.

ತಪ್ಪಿದ ದಿನಗಳು ಬೇಕಾದಷ್ಟಿವೆ. ಮೊದಲು ಒಂದು ದಿನ ತಪ್ಪಿದರೆ ನಾಚಿಕೆಯಿಂದ ಒಂದು ವಾರ ದೂರ ಇರುತ್ತಿದ್ದೆ. ಈಗ ಮಾರನೇ ದಿನ ಸುಮ್ನೆ ಹೋಗಿ ಅದೇ ಕುರ್ಚಿಯಲ್ಲಿ ಕೂರುತ್ತೇನೆ.

ಯಾರಾದರೂ ಪ್ರಾರ್ಥನೆ ಕೇಳಿದರೆ ಈಗ ಫೋನ್ ಕೆಳಗಿಟ್ಟು ಅಲ್ಲೇ ಎರಡು ಮಾತು ಪ್ರಾರ್ಥಿಸಿ, ಹೆಸರು ಪುಸ್ತಕದಲ್ಲಿ ಬರೆದು, ಆಮೇಲೆ ಉತ್ತರ ಕಳಿಸುತ್ತೇನೆ. ಎಮೋಜಿ ಕೊನೆಗೆ.

ಆ ಅಕ್ಕನಿಗೆ ಹೋದ ತಿಂಗಳು ಎಲ್ಲಾ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ನಕ್ಕು, ‘ಹಾಗಾದ್ರೆ ನಿನ್ನ ಬಾಕಿ ಇನ್ನೂ ಇದೆ ಅನ್ನು. ಇನ್ನೊಂದು ಕಾಲೂ ನೋಯ್ತಿದೆ, ಅದಕ್ಕೆ ಮಾಡು’ ಎಂದರು.