ಎಡಗಡೆ ಮೂಲೆಯ ಅರಿಶಿನ

ಕಂಪ್ಯೂಟರಿನಲ್ಲಿ ಸಿನಿಮಾ ನೋಡುವವರಿಗೆ ಈ ಕಷ್ಟ ಗೊತ್ತಾಗುವುದಿಲ್ಲ. ಹೀರೋ ಹಾಕಿದ ಅಂಗಿ ಎಡಗಡೆ ಒಂದು ಬಣ್ಣ, ಬಲಗಡೆ ಇನ್ನೊಂದು ಬಣ್ಣ ಕಂಡರೂ ಅವನು ಓಡಾಡುತ್ತಲೇ ಇರುತ್ತಾನೆ. ಯಾರು ನಿಂತು ಗಮನಿಸುತ್ತಾರೆ? ಕಷ್ಟ ಇರುವುದು ಬಿಳಿ ಹಾಳೆ ಎದುರಿಗಿಟ್ಟುಕೊಂಡು ದುಡಿಯುವವರಿಗೆ. ನಾನು ಮೈಸೂರಿನ ಕುವೆಂಪುನಗರದ ಮನೆಯಲ್ಲೇ ಕೂತು ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ನಾಮಕರಣದ ಕಾರ್ಡು ಡಿಸೈನ್ ಮಾಡುವವಳು. ಬೆಳಗಿನಿಂದ ಸಂಜೆವರೆಗೆ ಬಿಳಿ, ಕೆನೆ, ತಿಳಿ ಹಳದಿ. ಒಂದಕ್ಕೂ ಇನ್ನೊಂದಕ್ಕೂ ಇರುವ ಕೂದಲೆಳೆ ವ್ಯತ್ಯಾಸದಲ್ಲೇ ನನ್ನ ಸಂಪಾದನೆ ಇರುವುದು.

ದಸರಾ ಆಫರಿನಲ್ಲಿ ಹೊಸ ಡೆಸ್ಕ್‌ಟಾಪ್ ತಗೊಂಡೆವು. ಆಲ್ ಇನ್ ಒನ್ ಮಾಡೆಲ್ಲು. ಸಿಪಿಯು ಡಬ್ಬ ಅಂತ ಬೇರೆ ಇಲ್ಲ, ಎಲ್ಲವೂ ಸ್ಕ್ರೀನಿನ ಬೆನ್ನಲ್ಲೇ. "ವೈರೇ ಇಲ್ಲ ಮೇಡಂ, ಟೇಬಲ್ಲು ನೀಟಾಗಿರುತ್ತೆ" ಅಂದ ಅಂಗಡಿಯ ಹುಡುಗ. ಸ್ಕ್ರೀನು ಕೆಟ್ಟರೆ ಇಡೀ ಕಂಪ್ಯೂಟರನ್ನೇ ಬಿಚ್ಚಬೇಕು ಅನ್ನುವುದನ್ನು ಹೇಳಲಿಲ್ಲ. ಹೇಳುವುದು ಅವನ ಕೆಲಸವೂ ಅಲ್ಲ ಬಿಡಿ. ಅಂಗಡಿಯಲ್ಲಿ ಅದರ ಮೇಲೆ ಗಿಣಿ ಹಾರುತ್ತಿತ್ತು, ಜಲಪಾತ ಬೀಳುತ್ತಿತ್ತು, ಹೂವು ಅರಳುತ್ತಿತ್ತು. ಸುಮ್ನೆ ಒಂದು ಖಾಲಿ ಬಿಳಿ ಹಾಳೆ ತೆರೆದು ಗಿರಾಕಿಗೆ ತೋರಿಸುವ ಅಂಗಡಿಯನ್ನು ನಾನಿನ್ನೂ ನೋಡಿಲ್ಲ.

ಆಯುಧಪೂಜೆಯ ದಿನ ಅತ್ತೆ ಅದರ ನೆತ್ತಿಗೆ ಅರಿಶಿನ, ಕುಂಕುಮ ಇಟ್ಟು, ಸೇವಂತಿಗೆ ಹಾರ ಹಾಕಿ, ಕೀಬೋರ್ಡಿಗೂ ಎರಡು ಅಕ್ಷತೆ ಕಾಳು ಹಾಕಿದರು. ಅದರಲ್ಲೊಂದು ಎಂಟರ್ ಕೀ ಕೆಳಗೆ ಈಗಲೂ ಇದೆ. ವಿಜಯದಶಮಿಯ ದಿನ ಒಳ್ಳೆಯ ಹೊತ್ತು ನೋಡಿ ಕೆಲಸಕ್ಕೆ ಕೂತೆ. ಹೊಸ ಫೈಲು ತೆರೆದೆ. ಬಿಳಿ ಹಾಳೆ ಬಂತು. ಕೆಳಗೆ ಎಡಗಡೆ ಮೂಲೆಯಲ್ಲಿ ಮಾತ್ರ ಬಿಳಿ ಇರಲಿಲ್ಲ.

ಹಳದಿ. ಕಡು ಹಳದಿ ಏನಲ್ಲ. ಇದೆಯೋ ಇಲ್ಲವೋ ಅನ್ನಿಸುವ, ಆದರೆ ಖಂಡಿತ ಇರುವ ಹಳದಿ.

ರಾತ್ರಿ ಹೊತ್ತು ಕಣ್ಣಿಗೆ ತಂಪಾಗಲಿ ಅಂತ ಸ್ಕ್ರೀನನ್ನು ಹಳದಿ ಮಾಡುವ ನೈಟ್ ಲೈಟ್ ಅಂತ ಒಂದಿದೆಯಲ್ಲ, ಅದು ಆನ್ ಆಗಿದೆಯೇ ಅಂತ ಮೊದಲು ನೋಡಿದೆ. ಆಗಿರಲಿಲ್ಲ. ಆಗಿದ್ದರೂ ಅದು ಇಡೀ ಸ್ಕ್ರೀನಿಗೆ ಹಳದಿ ಬಳಿಯುತ್ತದೆ, ಹೀಗೆ ಮೂಲೆ ಹುಡುಕಿಕೊಂಡು ಕೂರುವುದಿಲ್ಲ. ಆಮೇಲೆ ಅನುಮಾನ ಹೋಗಿದ್ದು ಪೂಜೆಯ ಮೇಲೆ. "ನಾನು ಅರಿಶಿನ ಇಟ್ಟಿದ್ದು ಮೇಲೆ, ಕೆಳಗಲ್ಲ" ಅಂದರು ಅತ್ತೆ. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಖ ಅರಳಿತು. "ಹೌದಲ್ಲೇ! ಲಗ್ನಪತ್ರಿಕೆ ಮೂಲೆಗೆ ಅರಿಶಿನ ಹಚ್ಚಿದ ಹಾಗೇ ಇದೆ. ನಿನ್ನ ಕೆಲಸಕ್ಕೆ ಶುಭವೇ ಆಯ್ತು ಬಿಡು."

ಹೀಗೆ ನನಗೆ ಸಿಕ್ಕ ಮೊದಲ ಸಾಕ್ಷಿ ಎದುರಾಳಿಯ ಕಡೆ ಸೇರಿಕೊಂಡಿತು.

ನಮ್ಮ ಮನೆಯವರನ್ನು ಕರೆದೆ. "ಎಲ್ಲಿ?" ಅಂದರು. ಇಲ್ಲಿ. "ಇಲ್ಲಿ ಅಂದ್ರೆ?" ಬೆರಳಿಟ್ಟು ತೋರಿಸಿದೆ. "ನಿನ್ನ ಬೆರಳು ಹಳದಿ ಇದೆ. ಸ್ಕ್ರೀನು ಬೆಳ್ಳಗೇ ಇದೆ." ನನ್ನ ಬೆರಳಿಗೆ ಅರಿಶಿನ ಅಂಟಿತ್ತು ಅನ್ನುವುದು ಬೇರೆ ವಿಷಯ. ಅವರದ್ದೂ ತಪ್ಪಲ್ಲ. ನಮ್ಮ ಕಣ್ಣು ತುಂಬಾ ಹೊಂದಿಕೊಳ್ಳುವ ಸ್ವಭಾವದ್ದು. ಹಳದಿ ಬಲ್ಬಿನ ಕೆಳಗೆ ನೋಡಿದರೂ, ಮೋಡ ಮುಸುಕಿದ ಬೆಳಕಿನಲ್ಲಿ ನೋಡಿದರೂ ಹಾಳೆ ಬೆಳ್ಳಗೇ ಇದೆ ಅನ್ನಿಸಿಬಿಡುತ್ತೆ. ಬಣ್ಣ ನಿಧಾನವಾಗಿ ತಿರುಗಿದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಎರಡನ್ನು ಪಕ್ಕಪಕ್ಕ ಇಟ್ಟರೆ ಮಾತ್ರ ಜಗಳ ತೆಗೆಯುತ್ತದೆ. ಅದಕ್ಕೇ ಒಂದು ಚಿಕ್ಕ ಬಿಳಿ ಕಿಟಕಿ ತೆರೆದು, ಮೇಲಿನ ಬಲ ಮೂಲೆಯಿಂದ ಕೆಳಗಿನ ಎಡ ಮೂಲೆಗೆ ಮೌಸಿನಲ್ಲಿ ಸರ್ರನೆ ಎಳೆದು ತೋರಿಸಿದೆ. "ಅಯ್ಯೋ" ಅಂದರು. ಅಲ್ಲಿಗೆ ಅವರ ನೆಮ್ಮದಿಯೂ ಹೋಯಿತು. ಈಗ ಟೆಸ್ಟ್ ಮ್ಯಾಚ್ ನೋಡುವಾಗ ಆ ಮೂಲೆಗೆ ಹೋದ ಫೀಲ್ಡರಿನ ಬಟ್ಟೆ ಒಗೆಯಬೇಕು ಅನ್ನಿಸುತ್ತಂತೆ. ಮನೆಯಲ್ಲಿ ಬಟ್ಟೆ ಒಗೆಯುವ ವಿಷಯ ಅವರ ಬಾಯಿಂದ ಬಂದಿದ್ದೇ ಒಂದು ಲಾಭ.

ಮಾವನವರ ತೀರ್ಪು ಬೇರೆ. "ಭಾನುವಾರ ಸಂಜೆ ಅರಮನೆಗೆ ಹತ್ತಿರ ಹತ್ತಿರ ಒಂದು ಲಕ್ಷ ಹಳದಿ ಬಲ್ಬು ಹಾಕಿದ್ರೆ ಐಸ್‌ಕ್ರೀಂ ತಿಂದ್ಕೊಂಡು ನೋಡಿ ಬರ್ತೀರ. ಇಲ್ಲಿ ಮೂಲೇಲಿ ಒಂಚೂರು ಹಳದಿ ಇದ್ರೆ ಅಳ್ತೀರ!" ಅಂದರು. ಅವರ ಕಾಲದ ಟಿವಿಯ ಕಥೆಯೂ ಬಂತು. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನ ಕಲರ್ ಆಯಿತು. ಕೆಲವು ವರ್ಷದ ಮೇಲೆ ಇವರೂ ಒಂದು ಕಲರ್ ಟಿವಿ ತಂದು ಪಕ್ಕದಲ್ಲೇ ದೊಡ್ಡ ಸ್ಪೀಕರ್ ಇಟ್ಟರು. ಸ್ಪೀಕರಿನೊಳಗಿನ ಅಯಸ್ಕಾಂತಕ್ಕೆ ಪಿಕ್ಚರ್ ಟ್ಯೂಬು ಬಲಿಯಾಗಿ, ವಾರ್ತೆ ಓದುವವರ ಒಂದು ಕೆನ್ನೆ ನೇರಳೆ, ಇನ್ನೊಂದು ಹಸಿರು. ಮೆಕ್ಯಾನಿಕ್ ಬಂದು ತಂತಿ ಸುತ್ತಿದ ದೊಡ್ಡ ರಿಂಗನ್ನು ಕರೆಂಟಿಗೆ ಹಾಕಿ ಟಿವಿ ಮುಂದೆ ಸುತ್ತಿಸುತ್ತಾ ಹಿಂದಕ್ಕೆ ಸರಿದ. ಎರಡೂ ಕೆನ್ನೆ ಸರಿಹೋದವು. ಆ ಕಾಲದ ಕಾಯಿಲೆಗಳಿಗೆ ಔಷಧಿ ಇತ್ತು ಅನ್ನುವುದನ್ನು ಒಪ್ಪಬೇಕು.

ಈಗಿನದಕ್ಕೆ ಇಲ್ಲ. ಎಲ್‌ಸಿಡಿ ಸ್ಕ್ರೀನಿಗೆ ಸ್ವಂತ ಬೆಳಕಿಲ್ಲ. ಬಹಳಷ್ಟು ಮಾನಿಟರುಗಳಲ್ಲಿ ಅಂಚಿನ ಒಂದು ಪಟ್ಟಿಯಲ್ಲಿ ಸಣ್ಣ ಸಣ್ಣ ಎಲ್‌ಇಡಿ ದೀಪ ಕೂರಿಸಿ, ಪ್ಲಾಸ್ಟಿಕ್ ಹಾಳೆಗಳ ಮೂಲಕ ಆ ಬೆಳಕನ್ನು ಪೂರ್ತಿ ಹರಡುತ್ತಾರೆ. ಆ ದೀಪಗಳ ಗುಟ್ಟು ಗೊತ್ತಾದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಳಿ ಎಲ್‌ಇಡಿ ಅನ್ನುವುದು ಬಹುತೇಕ ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಬೆಳಕು ಕೊಡುವ ಫಾಸ್ಫರ್ ಪುಡಿ ಲೇಪಿಸಿರುತ್ತಾರೆ. ನೀಲಿ, ಹಳದಿ ಎರಡೂ ಸೇರಿ ನಮ್ಮ ಕಣ್ಣಿಗೆ ಬಿಳಿ. ಆ ನೀಲಿ ಎಲ್‌ಇಡಿ ಮಾಡಿಕೊಟ್ಟಿದ್ದಕ್ಕೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರ ಮೂವರಿಗೂ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಲೇಪ ಒಂಚೂರು ದಪ್ಪ ಆದರೆ ಬೆಳಕು ಹಳದಿ ಕಡೆ ವಾಲುತ್ತದೆ, ತೆಳ್ಳಗಾದರೆ ನೀಲಿ ಕಡೆ. ಎಲ್ಲ ದೀಪವೂ ಒಂದೇ ಥರ ಬರುವುದಿಲ್ಲ ಅಂತಲೇ ಫ್ಯಾಕ್ಟರಿಯಲ್ಲಿ ಅವುಗಳನ್ನು ಬಣ್ಣ ನೋಡಿ ವಿಂಗಡಿಸುತ್ತಾರೆ. ಅಂದರೆ ಅರಿಶಿನ ನಿಜಕ್ಕೂ ಫ್ಯಾಕ್ಟರಿಯಲ್ಲೇ ಹಚ್ಚಿದ್ದು. ಅತ್ತೆಯ ಮಾತು ನೂರಕ್ಕೆ ನೂರು ಸರಿ.

ಇದು ನನ್ನೊಬ್ಬಳ ಗೋಳಲ್ಲ. 2009ರ ಕೊನೆಯಲ್ಲಿ ಆಪಲ್‌ನ 27 ಇಂಚಿನ ಐಮ್ಯಾಕ್ ಬಂದಾಗ, ಸ್ಕ್ರೀನಿನ ಕೆಳಭಾಗ ಹಳದಿ ಅಂತ ದೇಶದೇಶಗಳಲ್ಲಿ ಕೊಂಡವರು ದೂರಿದ್ದರು. ನನ್ನದು ಆ ಕಂಪನಿಯದಲ್ಲ, ಅಷ್ಟು ದುಡ್ಡೂ ನನ್ನ ಹತ್ತಿರ ಇಲ್ಲ. ಆದರೂ ಅಷ್ಟು ದುಬಾರಿಯವರೂ ನನ್ನ ಹಾಗೇ ಮೂಲೆ ನೋಡುತ್ತಾ ಕೂತಿದ್ದರು ಅನ್ನುವುದರಲ್ಲಿ ಒಂಥರಾ ಸಮಾಧಾನವಿದೆ.

ಫೋಟೋಗ್ರಾಫರ್ ಗೆಳತಿಯೊಬ್ಬಳು ಕ್ಯಾಲಿಬ್ರೇಷನ್ ಯಂತ್ರ ತಂದಳು. ಅದನ್ನು ಸ್ಕ್ರೀನಿನ ನಡುವೆ ನೇತುಹಾಕಿದರೆ ಬಣ್ಣ ಅಳೆದು ಸರಿಮಾಡುತ್ತದೆ. ಆದರೆ ಇಡೀ ಸ್ಕ್ರೀನಿಗೆ ಒಂದೇ ಲೆಕ್ಕ. ಮೂಲೆಯಲ್ಲಿಟ್ಟು ಮೂಲೆಯನ್ನು ಬೆಳ್ಳಗೆ ಮಾಡಿದೆವು. ಉಳಿದ ಸ್ಕ್ರೀನು ಚಳಿ ಹಿಡಿದು ನೀಲಿಯಾಯಿತು. ಅವಳು ಯಂತ್ರ ಎತ್ತಿಕೊಂಡು ಕಾಫಿ ಕುಡಿದು ಹೋದಳು.

ಕಸ್ಟಮರ್ ಕೇರಿಗೆ ಫೋನ್ ಮಾಡಿದೆ. "ಒಂದು ಸ್ಕ್ರೀನ್‌ಶಾಟ್ ಕಳಿಸಿ ಮೇಡಂ" ಅಂದಳು ಆ ಹುಡುಗಿ. ತೊಂದರೆ ಗಾಜಿನ ಹಿಂದಿನ ದೀಪದಲ್ಲಿದೆಯಮ್ಮ, ಸ್ಕ್ರೀನ್‌ಶಾಟಿನಲ್ಲಿ ಅದು ಬರುವುದಿಲ್ಲ ಅಂದೆ. "ಪ್ರೊಸೀಜರ್ ಮೇಡಂ." ಕಳಿಸಿದೆ. "ನಿಮ್ಮ ಸ್ಕ್ರೀನು ಚೆನ್ನಾಗಿದೆ" ಅಂತ ಉತ್ತರ ಬಂತು. ಅವಳ ಮಾನಿಟರಿನಲ್ಲಿ ಅದು ಚೆನ್ನಾಗೇ ಇರುತ್ತದೆ. ನನ್ನದರಲ್ಲಿ ಅದೇ ಚಿತ್ರ ತೆರೆದರೆ ಅದೇ ಮೂಲೆಯಲ್ಲಿ ಅದೇ ಹಳದಿ. ಮೊಬೈಲಿನಲ್ಲಿ ಫೋಟೋ ತೆಗೆದೆ. ಮೊಬೈಲು ನನಗಿಂತ ಜಾಣ. ಹಳದಿ ಕಂಡ ಕೂಡಲೇ ತಾನೇ ಬಿಳಿ ಮಾಡಿಬಿಟ್ಟಿತು. ಕೊನೆಗೆ ನಾನು ಫೋನಿನಲ್ಲಿ ಸ್ವಲ್ಪ ದನಿ ಏರಿಸಿದ ಮೇಲೆ, ಇಂಜಿನಿಯರನ್ನು ಕಳಿಸುತ್ತೇವೆ ಅಂದರು.

ಬಂದ ಹುಡುಗ ಬಾಗಿಲಲ್ಲೇ ಹೆಲ್ಮೆಟ್ ತೆಗೆದು, ಸ್ಕ್ರೀನ್ ನೋಡಿ, "ಇದೇನು ಮೇಡಂ ಕೆಂಪಗೆ?" ಅಂದ. ಆಯುಧಪೂಜೆ ಕುಂಕುಮ ಅಂದೆ. "ಫಿಸಿಕಲ್ ಮಾರ್ಕ್ ಅಂತ ಬರೀಬೇಕಾಗುತ್ತೆ." ಕಿಟಕಿಯಲ್ಲಿ ಅವನ ಬೈಕು ಕಾಣುತ್ತಿತ್ತು. ಅದರ ಹೆಡ್‌ಲೈಟಿನ ಮೇಲೆ ನಮ್ಮದಕ್ಕಿಂತ ಎರಡರಷ್ಟು ಕುಂಕುಮ. ಹಳದಿ ತೋರಿಸಿದೆ. ತಲೆಯನ್ನು ಆ ಕಡೆ ಈ ಕಡೆ ವಾಲಿಸಿ ನೋಡಿದ. "ಪ್ಯಾನೆಲ್ಲೇ ಹಿಂಗೆ ಮೇಡಂ. ಡೆಡ್ ಪಿಕ್ಸೆಲ್ ಇದ್ದಿದ್ರೆ ರೂಲ್ ಇತ್ತು." ಅದೇನಪ್ಪಾ ರೂಲು ಅಂತ ಆಮೇಲೆ ಹುಡುಕಿ ಓದಿದೆ. 2001ರ ಐಎಸ್‌ಒ ನಿಯಮದಲ್ಲಿ ಎರಡನೇ ದರ್ಜೆಯ ಸ್ಕ್ರೀನು ಅಂದರೆ, ಪ್ರತಿ ಹತ್ತು ಲಕ್ಷ ಚುಕ್ಕೆಗೆ ಸದಾ ಉರಿಯುವ ಎರಡು, ಸತ್ತುಹೋದ ಎರಡು, ಅರೆಬರೆ ಕೆಟ್ಟ ಐದು ಇದ್ದರೂ ಪಾಸು. 2008ರಲ್ಲಿ ಆ ನಿಯಮದ ಜಾಗಕ್ಕೆ ಹೊಸದು ಬಂತು. ನನ್ನ ಸ್ಕ್ರೀನಿನಲ್ಲಿ ಇರುವುದು 1920 ಅಡ್ಡ, 1080 ಉದ್ದ, ಒಟ್ಟು 20,73,600 ಚುಕ್ಕೆ. ಒಂದೊಂದೂ ಸತ್ತು ಬದುಕಿದ ಲೆಕ್ಕ ಇಡುವವರಿದ್ದಾರೆ ಅಂದರೆ ಸಂತೋಷವೇ. ಆದರೆ ಅವನ ಕೈಲಿದ್ದ ಕಂಪನಿಯ ಹಾಳೆಯಲ್ಲಿ ಹಳದಿಗೆ ಕಾಲಂ ಇರಲಿಲ್ಲ.

ಅಷ್ಟು ಹೊತ್ತಿಗೆ ಪಾಂಡವಪುರದ ಕಡೆಯಿಂದ ನಮ್ಮ ಅತ್ತೆಯ ಅಣ್ಣ, ದೊಡ್ಡಮಾವ, ಒಂದು ಚೀಲ ಬೆಲ್ಲ ಹಿಡಿದು ಬಂದರು. ಒಂದು ಕಣ್ಣಿನ ಪೊರೆ ಆಪರೇಷನ್ ಆಗಿದೆ, ಇನ್ನೊಂದು ಬಾಕಿ. "ಎಲ್ಲವ್ವಾ ಹಳದಿ?" ಅಂತ ಬಗ್ಗಿದರು. ಆಪರೇಷನ್ ಆಗದ ಕಣ್ಣನ್ನು ಮುಚ್ಚಿದರು. "ಹೂಂ ಕಣವ್ವಾ, ಮೂಲೇಲಿ ಅದೆ." ಆ ಕಣ್ಣು ಬಿಟ್ಟು ಇನ್ನೊಂದು ಮುಚ್ಚಿದರು. "ಈ ಕಣ್ಗೆ ಎಲ್ಲಾ ಹಳದಿನೇ. ನೀನೂ, ಈ ಹುಡ್ಗಾನೂ." ಪೊರೆ ಬಂದ ಕಣ್ಣಿನ ಮಸೂರ ವಯಸ್ಸಾದಂತೆ ಹಳದಿಯಾಗುತ್ತದೆ, ತೆಗೆದು ಹೊಸದು ಹಾಕಿದ ಮೇಲೆ ನೀಲಿ, ಬಿಳಿ ಮತ್ತೆ ಸ್ವಚ್ಛವಾಗಿ ಕಾಣುತ್ತದೆ. ಇಡೀ ಮನೆಯಲ್ಲಿ ಎರಡು ಥರದ ಬಿಳಿಯನ್ನೂ ಹೊತ್ತುಕೊಂಡು ತಿರುಗುತ್ತಿದ್ದವರು ಅವರೊಬ್ಬರೇ. ಅದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗಬೇಕು?

ಆದರೆ ಕೆಲಸ ಆಗಿದ್ದು ಸಾಕ್ಷಿಯಿಂದಲ್ಲ. ದೊಡ್ಡಮಾವ ಹುಡುಗನ ಕಡೆ ತಿರುಗಿ, "ಯಾವೂರ್ಲಾ ಮಗಾ ನಿಂದು?" ಅಂದರು. ನಾಗಮಂಗಲ ಅಂದ. "ನಾಗಮಂಗ್ಲದಲ್ಲಿ ಯಾರ ಪೈಕಿ?" ಅಲ್ಲಿಂದ ಶುರುವಾಗಿ ಅವನ ಚಿಕ್ಕಪ್ಪನ ಮಾವನ ಮನೆ ಜಮೀನಿನವರೆಗೆ ಹೋಗಿ ಬಂದರು. ಮಧ್ಯದಲ್ಲಿ ಬಂದ ಕಾಫಿಯನ್ನು ಹುಡುಗ ಬೇಡ ಅನ್ನಲಿಲ್ಲ. "ಬರ್ಕೊಡ್ಲಾ, ನಮ್ ಹೆಣ್ಮಗ ಸುಮ್ಸುಮ್ಕೆ ಯೋಳಾಕಿಲ್ಲ" ಅಂದರು ದೊಡ್ಡಮಾವ. ಹುಡುಗ ಮತ್ತೊಮ್ಮೆ ಸ್ಕ್ರೀನ್ ನೋಡಿದ. "ಹೌದು ಮೇಡಂ, ಈಗ ಕಾಣ್ತಿದೆ. ಜಾಸ್ತೀನೇ ಇದೆ" ಅಂತ ಪ್ಯಾನೆಲ್ ಬದಲಾಯಿಸಬೇಕೆಂದು ಬರೆದ. ಕುಂಕುಮದ ವಿಷಯ ಆ ಹಾಳೆಯಲ್ಲಿ ಬರಲಿಲ್ಲ. ಹೋಗುವಾಗ ಅರ್ಧ ಬೆಲ್ಲ ಅವನ ಬ್ಯಾಗಿನಲ್ಲಿತ್ತು.

ಪ್ಯಾನೆಲ್ಲು ಬರುವವರೆಗೆ ಕೆಲಸ ನಿಲ್ಲಿಸುವ ಹಾಗಿಲ್ಲವಲ್ಲ. ತಾಯಿ, ಮಗಳು ಇಬ್ಬರು ಮದುವೆ ಕಾರ್ಡು ಮಾಡಿಸಲು ಬಂದರು. ಬಿಳಿ ಕಾರ್ಡು ಅಂತ ಮಗಳು, ಬಿಳಿ ಶುಭವಲ್ಲ ಅಂತ ತಾಯಿ. ಕೆನೆ ತೋರಿಸಿದೆ, ತಿಳಿ ಗುಲಾಬಿ ತೋರಿಸಿದೆ, ಒಂದೂ ಒಪ್ಪಿಗೆಯಾಗಲಿಲ್ಲ. ಇಬ್ಬರೂ ಸುಸ್ತಾಗಿ ಸುಮ್ಮನೆ ಸ್ಕ್ರೀನ್ ನೋಡುತ್ತಿದ್ದಾಗ ತಾಯಿ ಮುಂದೆ ಬಾಗಿ ಎಡಗಡೆ ಮೂಲೆಗೆ ಬೆರಳಿಟ್ಟರು. "ಇದು ನೋಡ್ರಿ, ಇದು ಚೆನ್ನಾಗಿದೆ. ಪೂರ್ತಿ ಕಾರ್ಡು ಇದೇ ಬಣ್ಣ ಮಾಡಿ." ಮಗಳೂ "ಸೂಪರ್" ಅಂದಳು. ತಾಯಿ ಮಗಳು ಬೆಳಗಿನಿಂದ ಒಪ್ಪಿದ ಒಂದೇ ವಿಷಯ ಅದು. ಅದು ಬಣ್ಣವಲ್ಲ, ಕಾಯಿಲೆ ಅಂತ ಹೇಳುವ ಧೈರ್ಯ ಯಾರಿಗಿರುತ್ತೆ?

ಅಂದಾಜಿಗೆ ಬಿಳಿಗೆ ಒಂಚೂರು ಹಳದಿ ಬೆರೆಸಿ ಪ್ರೆಸ್ಸಿನಲ್ಲಿ ಸ್ಯಾಂಪಲ್ ತೆಗೆಸಿದೆ. "ಇದು ಆ ಬಣ್ಣ ಅಲ್ಲ" ಅಂದರು. ಸ್ಕ್ರೀನು ಬೆಳಕಿನ ಬಣ್ಣ ಕೊಡುತ್ತದೆ, ಪ್ರೆಸ್ಸು ಇಂಕಿನ ಬಣ್ಣ, ಎರಡೂ ಒಂದೇ ಆಗುವುದಿಲ್ಲ ಅಂದೆ. "ಅದೆಲ್ಲ ನಮಗೆ ಗೊತ್ತಾಗಲ್ಲ, ಕಂಪ್ಯೂಟರಲ್ಲಿ ಚೆನ್ನಾಗಿತ್ತು." ಈಗ ದಿನಾ ಬಂದು ಸ್ಯಾಂಪಲ್ಲನ್ನು ಎಡಗಡೆ ಮೂಲೆಗೆ ಹಿಡಿದು ತಾಳೆ ನೋಡುತ್ತಾರೆ. ನಿನ್ನೆ ಅವರು ಹಾಗೆ ಹಿಡಿದು ನಿಂತಿರುವಾಗಲೇ ನಾಗಮಂಗಲದ ಹುಡುಗನ ಫೋನು ಬಂತು.

"ಮೇಡಂ, ನಿಮ್ಮ ಪ್ಯಾನೆಲ್ ಬಂದಿದೆ. ನಾಳೆ ಬಂದು ಹಾಕಿಬಿಡ್ಲಾ?"

"ಬೇಡಪ್ಪಾ" ಅಂದೆ. "ಇವರ ಕಾರ್ಡು ಓಕೆ ಆಗೋವರೆಗೂ ಆ ಮೂಲೆ ಮುಟ್ಟಬೇಡ."