ಇಂಗ್ಲಿಷಿನವರ ಏಕವಚನ ಎಲ್ಲಿ ಹೋಯ್ತು?

ಇಂಗ್ಲಿಷಿನ ಸರ್ವನಾಮಗಳಲ್ಲಿ ಎಷ್ಟು ವಿಧ ಅಂತ ಕೇಳಿ ನೋಡಿ. ಪರ್ಸನಲ್, ಪೊಸೆಸಿವ್, ರಿಫ್ಲೆಕ್ಸಿವ್, ರಿಲೇಟಿವ್ ಅಂತ ಮಗ್ಗಿಯ ಹಾಗೆ ಒಪ್ಪಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಅವರೇ ಇಂಟರ್‌ವ್ಯೂಗೆ ಹೋಗಿ ಕೂತರೆ 'ಮೈಸೆಲ್ಫ್ ರಮೇಶ್' ಅನ್ನುತ್ತಾರೆ. ಮೈಸೆಲ್ಫ್ ಬರುವುದು ನನ್ನ ಕೈ ನಾನೇ ಕುಯ್ದುಕೊಂಡಂಥ ಸಂದರ್ಭಕ್ಕೆ. ಹೆಸರು ಹೇಳೋಕೆ 'ಐ ಆಮ್' ಸಾಕು. ಬರೀ 'ಐ' ಅಂದರೆ ಮರ್ಯಾದೆ ಕಮ್ಮಿ ಅನ್ನಿಸುತ್ತೋ ಏನೋ.

ಈ ಮರ್ಯಾದೆ ವಿಷಯಕ್ಕೆ ಇಂಗ್ಲಿಷನ್ನು ಬೈಯುವವರೂ ಇದ್ದಾರೆ. ಅಜ್ಜನಿಗೂ ಯೂ, ನಾಯಿಗೂ ಯೂ, ಇದೆಂಥ ಭಾಷೆ ಅಂತ. ಅವರಲ್ಲೂ ನಮ್ಮ 'ನೀನು' ಥರದ್ದೇ ಒಂದು ಪದ ಇತ್ತು, ದೌ ಅಂತ. ಯೂ ಮೊದಲು ಬಹುವಚನ, ಆಮೇಲೆ ದೊಡ್ಡವರಿಗೆ ಹೇಳುವ 'ನೀವು'. 1603ರಲ್ಲಿ ಇಂಗ್ಲೆಂಡಿನ ಹೆಸರಾಂತ ನಾವಿಕ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರದ ಪರ ವಾದಿಸುತ್ತಿದ್ದ ಎಡ್ವರ್ಡ್ ಕೋಕ್, ದ್ರೋಹಿಗೆ ಏಕವಚನವೇ ಸರಿ ಅಂತ ಬೇಕೂಂತಲೇ ದೌ ಹಚ್ಚಿ ಮಾತಾಡಿದ. 'ಏಕವಚನದಲ್ಲಿ ಮಾತಾಡ್ಬೇಡಿ' ಅಂತ ನಮ್ಮ ಬಸ್ಸುಗಳಲ್ಲಿ ನಡೆಯುವ ಜಗಳ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಅದೇ ಶತಮಾನದಲ್ಲಿ ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರು ದೇವರ ಮುಂದೆ ಎಲ್ಲರೂ ಒಂದೇ ಅಂತ ಹೇಳಿ ದೊಡ್ಡ ಮನುಷ್ಯರಿಗೂ ದೌ ಅಂದರು, ಬೈಸಿಕೊಂಡರು, ಏಟೂ ತಿಂದರು. ಉಳಿದ ಜನ ಯಾಕೆ ಬೇಕು ತಂಟೆ ಅಂತ ಸಿಕ್ಕಿದವರಿಗೆಲ್ಲ ಯೂ ಅನ್ನುತ್ತಾ ಹೋದರು, ದೌ ಹಳೇ ಪದ್ಯ ಮತ್ತು ಪ್ರಾರ್ಥನೆಗಳಲ್ಲಿ ಉಳಿಯಿತು. ಹಾಗಾಗಿ ಅಜ್ಜನ ಮರ್ಯಾದೆಗೇನೂ ಕುಂದಿಲ್ಲ, ನಾಯಿಗೆ ಬಡ್ತಿ ಸಿಕ್ಕಿದೆ ಅಷ್ಟೇ.

ತೊಂದರೆ ಬೇರೆ ಕಡೆ. 'ವಿ ಇನ್ವೈಟ್ ಯೂ' ಅಂತ ಮದುವೆಯ ಮೆಸೇಜ್ ಬಂದರೆ ನನ್ನೊಬ್ಬನನ್ನೋ, ಮನೆಮಂದಿಯನ್ನೆಲ್ಲವೋ? ಅಮೆರಿಕದ ದಕ್ಷಿಣದವರು ಇದಕ್ಕೇ 'ಯೂ ಆಲ್' ಅನ್ನೋದನ್ನ ಕೂಡಿಸಿ 'ಯಾಲ್' ಅಂತ ಹೊಸ ಬಹುವಚನ ಮಾಡಿಕೊಂಡರು.

ಈಗ 'ಅವರು' ಅನ್ನುವ ಬಹುವಚನದ 'ದೇ' ಕೂಡ ಯೂ ಹಿಡಿದ ದಾರಿಯನ್ನೇ ಹಿಡಿದಿದೆ. ಒಬ್ಬರಿಗೇ ದೇ ಅನ್ನುವುದು ಇವತ್ತಿನದಲ್ಲ, 14ನೇ ಶತಮಾನದಿಂದಲೂ ಇದೆ. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿನವರು ಅದನ್ನೇ ವರ್ಷದ ಪದ ಅಂತ ಆರಿಸಿದರು. ನಮಗಂತೂ ಇದು ಸುಲಭ ಆಗಬೇಕಿತ್ತು. 'ಡಾಕ್ಟರ್ ಇದ್ದಾರಾ?' 'ಇಲ್ಲ, ಅವರು ಊಟಕ್ಕೆ ಹೋಗಿದ್ದಾರೆ.' ಡಾಕ್ಟರ್ ಗಂಡೋ ಹೆಣ್ಣೋ, ಯಾರೂ ತಲೆ ಕೆಡಿಸಿಕೊಳ್ಳಲ್ಲ. ಆದರೂ 'ಸಮ್‌ಒನ್ ಲೆಫ್ಟ್ ದೇರ್ ಅಂಬ್ರೆಲಾ' ಅಂತ ಬರೆದರೆ ಹಳೇ ಗ್ರಾಮರ್ ಪುಸ್ತಕದ ಮೇಷ್ಟ್ರು ಕೆಂಪು ಪೆನ್ನಿನಲ್ಲಿ ಅದನ್ನು ಹೊಡೆದು 'ಹಿಸ್' ಅಂತ ಬರೆಯುತ್ತಾರೆ. ಕೊಡೆ ಬಿಟ್ಟುಹೋದವರು ಗಂಡಸೇ ಅಂತ ಅವರಿಗೆ ಹೇಗೆ ಗೊತ್ತಾಯ್ತೋ!